ಬೆನ್ನ ಹಿಂದೆ ಯಾರೂ ಇಲ್ಲದ ದಾರಿ

ಘಟ್ಟದ ರಸ್ತೆಯಲ್ಲಿ ಸೈಕಲ್ ತುಳಿಯುವವನ ಕಣ್ಣು ಮುಂದಿದ್ದರೂ ಕಿವಿ ಮಾತ್ರ ಸದಾ ಬೆನ್ನ ಹಿಂದೆಯೇ ಇರುತ್ತದೆ. ಬರುತ್ತಿರುವುದು ಲಾರಿಯೋ ಬಸ್ಸೋ, ಅದು ತಿರುವಿನ ಆಚೆಗಿದೆಯೋ ಈಚೆಗೆ ಬಂದಾಯಿತೋ, ಹಾರ್ನ್ ಹೊಡೆದದ್ದು ಎಚ್ಚರಿಕೆಗೋ ಸಿಟ್ಟಿಗೋ ಎಂಬ ಲೆಕ್ಕಾಚಾರದಲ್ಲಿಯೇ ಅರ್ಧ ಬುದ್ಧಿ ಖರ್ಚಾಗಿಹೋಗುತ್ತದೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಸೈಕಲ್ಲಿನಲ್ಲಿ ಹತ್ತಿ ಬಂದವರನ್ನು ಮಾತಿಗೆಳೆದು ನೋಡಿ, ಅವರು ಕಾಡಿನ ಬಗ್ಗೆ ಎರಡು ಮಾತು ಆಡಿದರೆ ರಸ್ತೆಯ ಅಂಚಿನ ಬಗ್ಗೆ ಹತ್ತು ಮಾತು ಆಡುತ್ತಾರೆ. ಅದು ಅವರ ತಪ್ಪಲ್ಲ. ಆ ಅಂಚನ್ನು ಬಿಟ್ಟು ಬೇರೆ ಏನನ್ನೂ ನೋಡುವ ಪುರುಸೊತ್ತನ್ನು ನಮ್ಮ ಘಟ್ಟದ ರಸ್ತೆಗಳು ಸೈಕಲ್ಲಿನವನಿಗೆ ಕೊಡುವುದಿಲ್ಲ.

ಕಿವಿಗೆ ಈ ಕಾವಲು ಕೆಲಸದಿಂದ ಬಿಡುವು ಸಿಕ್ಕಿದರೆ ಏನಾಗುತ್ತದೆ ಎನ್ನುವುದು ನನಗೆ ತಿಳಿದದ್ದು ಬಹಳ ದೂರದ ಬೆಟ್ಟಗಳಲ್ಲಿ. ಅಮೆರಿಕದ ಪಿಟ್ಸ್‌ಬರ್ಗ್ ನಗರದಿಂದ ಹೊರಟು, ಅಪಲೇಚಿಯನ್ ಬೆಟ್ಟಸಾಲನ್ನು ದಾಟಿ, ಮೇರಿಲ್ಯಾಂಡ್ ರಾಜ್ಯದ ಕಂಬರ್ಲ್ಯಾಂಡ್ ಎಂಬ ಊರನ್ನು ಮುಟ್ಟುವ ಗ್ರೇಟ್ ಅಲೆಗೇನಿ ಪ್ಯಾಸೇಜ್ ಎನ್ನುವ ದಾರಿಯೊಂದಿದೆ. ಉದ್ದ 150 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 240 ಕಿಲೋಮೀಟರ್. ಸೈಕಲ್ಲಿನವರಿಗೂ ನಡೆದು ಹೋಗುವವರಿಗೂ ಮೀಸಲಾದ ಈ ದಾರಿಯಲ್ಲಿ ಕಾರಿಗೆ ಪ್ರವೇಶವಿಲ್ಲ. ಗೆಳೆಯನೊಬ್ಬನ ಜೊತೆ ಅಲ್ಲಿಗೆ ಹೊರಟಿದ್ದೇನೆಂದು ಫೋನಿನಲ್ಲಿ ಹೇಳಿದಾಗ ನಮ್ಮಮ್ಮ, "ಬೆಟ್ಟದ ಮೇಲೆ ಸೈಕಲ್ ನೂಕೋದಕ್ಕೆ ಅಮೆರಿಕಕ್ಕೇ ಹೋಗಬೇಕಿತ್ತೇನೋ? ಮೂಡಿಗೆರೇಲೇ ನೂಕಬಹುದಿತ್ತಲ್ಲ" ಎಂದರು.

ಅಮ್ಮನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ದಾರಿಯಲ್ಲಿ ಸೈಕಲ್ಲನ್ನು ನೂಕುವ ಪ್ರಸಂಗವೇ ಬರುವುದಿಲ್ಲ, ಏಕೆಂದರೆ ಇದನ್ನು ಮೊದಲು ಮಾಡಿದ್ದು ಮನುಷ್ಯರಿಗಾಗಲಿ ಸೈಕಲ್ಲಿಗಾಗಲಿ ಅಲ್ಲ, ರೈಲಿಗೆ. ಏರು ಕಂಡರೆ ರೈಲಿನಷ್ಟು ಹೆದರುವ ವಾಹನ ಇನ್ನೊಂದಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆಯಾದ್ದರಿಂದ, ರಸ್ತೆ ನಿರಾಯಾಸವಾಗಿ ಏರುವ ಕಡೆಯಲ್ಲಿ ಹಳಿ ಬೆಟ್ಟವನ್ನು ಬಳಸಿಕೊಂಡೋ, ಕೊರೆದುಕೊಂಡೋ, ಕಣಿವೆಗೆ ಸೇತುವೆ ಹಾಕಿಕೊಂಡೋ ಮುಂದೆ ಸಾಗಬೇಕಾಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ನಮ್ಮ ರೈಲುದಾರಿಯಲ್ಲಿ 57 ಸುರಂಗಗಳೂ 109 ಸೇತುವೆಗಳೂ ಇರುವುದಕ್ಕೆ ಕಾರಣ ಇದೇ. ಅಲ್ಲಿನ ಇಳಿಜಾರು 50 ಅಡಿಗೆ ಒಂದಡಿ, ರೈಲಿನವರು ಅದನ್ನೇ ಕಡಿದಾದ ದಾರಿ ಎಂದು ಹೆಸರಿಟ್ಟು ಭಯಭಕ್ತಿಯಿಂದ ಓಡಾಡುತ್ತಾರೆ. ಗೇಜ್ ಪರಿವರ್ತನೆಗೆಂದು ಆ ದಾರಿ 1996ರ ನಂತರ ವರ್ಷಗಟ್ಟಲೆ ಮುಚ್ಚಿದ್ದಾಗ ಚಾರಣಿಗರು ಅದನ್ನು ತಮ್ಮದೇ ಹಾದಿಯೆಂಬಂತೆ ನಡೆದು ಸವೆಸಿದ್ದನ್ನು ಬಲ್ಲವರಿಗೆ, ರೈಲು ಬಿಟ್ಟುಹೋದ ಬೆಟ್ಟದ ದಾರಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಅಲ್ಲಿ ರೈಲು ಮರಳಿ ಬಂದಿತು. ಅಲೆಗೇನಿಯಲ್ಲಿ ಬರಲಿಲ್ಲ. ಕಲ್ಲಿದ್ದಲನ್ನು ಸಾಗಿಸುತ್ತಿದ್ದ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆ 1975ರ ಹೊತ್ತಿಗೆ ಈ ಬೆಟ್ಟದ ಹಳಿಗಳನ್ನು ಕೈಬಿಟ್ಟ ಮೇಲೆ, ಓಹಾಯೋಪೈಲ್ ಎಂಬ ಹಳ್ಳಿಯ ಬಳಿ 1986ರಲ್ಲಿ ಮೊದಲ ತುಂಡು ಸೈಕಲ್ ದಾರಿಯಾಯಿತು. ಒಂದೊಂದೇ ತುಂಡನ್ನು ಜೋಡಿಸುತ್ತಾ ಕೊನೆಯ ಕೊಂಡಿ ಕೂಡಿದ್ದು 2013ರಲ್ಲಿ. ಇಷ್ಟು ನಿಧಾನವಾಗಿ ಆದದ್ದರಿಂದಲೇ ಚೆನ್ನಾಗಿ ಆಯಿತೆಂಬುದು ನನ್ನ ಅನುಮಾನ.

ಹಳಿ ಕಿತ್ತ ಜಾಗದಲ್ಲಿ ಸುಣ್ಣದ ಕಲ್ಲಿನ ಸಣ್ಣ ಪುಡಿಯನ್ನು ಹಾಸಿ ಗಟ್ಟಿ ಮಾಡಿದ್ದಾರೆ. ಗಾಲಿಯ ಅಡಿಯಲ್ಲಿ ಅದು ಹುರಿಗಡಲೆ ಅಗಿದಂತೆ ಸದ್ದು ಮಾಡುತ್ತದೆ, ಸಂಜೆಯ ಹೊತ್ತಿಗೆ ಮೊಣಕಾಲಿನವರೆಗೂ ಬಿಳಿಯ ಧೂಳು ಹತ್ತಿರುತ್ತದೆ. ಪಿಟ್ಸ್‌ಬರ್ಗಿನ ಕಡೆಯಿಂದ ಹೋಗುವಾಗ ದಾರಿಯ ಹೆಚ್ಚುಕಡಿಮೆ ಅರ್ಧಭಾಗ ಯಾಕಗೇನಿ ನದಿಯ ಜೊತೆಯಲ್ಲಿಯೇ ಸಾಗುತ್ತದೆ. ನದಿಯ ಆಚೆ ದಡದಲ್ಲಿ ಇಂದಿಗೂ ಗೂಡ್ಸ್ ರೈಲುಗಳು ಓಡುತ್ತಿದ್ದು, ಮೈಲುದ್ದದ ಬೋಗಿಗಳ ಸಾಲು ಕಣಿವೆಯನ್ನೆಲ್ಲ ನಡುಗಿಸುತ್ತದೆ. ಆದ್ದರಿಂದ ಇಲ್ಲಿ ನಿಶ್ಶಬ್ದವಿದೆ ಎಂದರೆ ಸುಳ್ಳಾದೀತು. ಮರಕುಟಿಗ ಇದೆ, ನೀರಿದೆ, ರೈಲಿನ ಕೂಗಿದೆ, ಎಣ್ಣೆ ಕಾಣದ ಚೈನಿನ ಕಿರಿಕಿರಿಯೂ ಇದೆ. ಆದರೆ ಇವುಗಳಲ್ಲಿ ಯಾವುದೂ ನನ್ನನ್ನು ಗುದ್ದುವುದಕ್ಕೆ ಬರುತ್ತಿಲ್ಲವೆಂದು ಕಿವಿಗೆ ಖಾತ್ರಿಯಾದ ಮೇಲೆ, ಅದೇ ಸದ್ದುಗಳನ್ನು ಅದು ಕೇಳುವ ಬಗೆಯೇ ಬದಲಾಗುತ್ತದೆ. ಹಿಂದಿನಿಂದ ಬರುವವರು ಬೇರೆ ಸೈಕಲ್ಲಿನವರು ಮಾತ್ರ. ಅವರು ದೂರದಿಂದಲೇ ಗಂಟೆ ಬಾರಿಸಿ, "ಆನ್ ಯುವರ್ ಲೆಫ್ಟ್" ಎಂದು ಹೇಳಿಯೇ ಎಡಗಡೆಯಿಂದ ದಾಟಿ ಹೋಗುತ್ತಾರೆ. ಎಡಕ್ಕೆ ಸರಿದು ದಾರಿ ಬಿಡುವುದನ್ನೇ ರೂಢಿಮಾಡಿಕೊಂಡು ಬೆಳೆದ ನಮ್ಮಂಥವರು, ಆ ಕೂಗು ಕೇಳಿದೊಡನೆ ಸರಿಯಾಗಿ ಅವರಿಗೇ ಅಡ್ಡವಾಗಿ ಸರಿಯುವುದನ್ನು ಬಿಡಲು ಸ್ವಲ್ಪ ಕಾಲ ಹಿಡಿಯುತ್ತದೆ.

ಕಾರಿಲ್ಲದ ದಾರಿಯ ದೊಡ್ಡ ಲಾಭ, ನನ್ನ ಮಟ್ಟಿಗೆ, ಇಬ್ಬರು ಪಕ್ಕಪಕ್ಕದಲ್ಲಿ ಹೋಗಬಹುದು ಎನ್ನುವುದು. ಹೆದ್ದಾರಿಯಲ್ಲಿ ಸೈಕಲ್ಲಿನ ಪ್ರಯಾಣವೆಂದರೆ ಮುಂದಿನವನ ಬೆನ್ನನ್ನು ನೋಡಿಕೊಂಡು ದಿನ ಕಳೆಯುವುದು, ಸಂಜೆ ಊಟಕ್ಕೆ ಕುಳಿತಾಗಲೇ ಅವನ ಮುಖದರ್ಶನ. ಇಲ್ಲಿ ನನ್ನ ಗೆಳೆಯ ಕಾನೆಲ್ಸ್‌ವಿಲ್ ಬಿಟ್ಟ ಮೇಲೆ ತಮ್ಮ ಮನೆಯ ಜಮೀನಿನ ವ್ಯಾಜ್ಯದ ಕಥೆಯನ್ನು ಎತ್ತಿಕೊಂಡ. ಚಿಕ್ಕಪ್ಪನವರು ಬೇಲಿ ಹಾಕಿಸಿದ್ದು, ಸರ್ವೆಯವರು ಬಂದು ಹೋದದ್ದು, ಅಡಿಕೆ ತೋಟದ ಮೂಲೆಯ ಕಲ್ಲು ರಾತ್ರೋರಾತ್ರಿ ನಾಲ್ಕು ಗಜ ನಡೆದುಬಂದದ್ದು, ಎಲ್ಲವನ್ನೂ ವಿಸ್ತಾರವಾಗಿ ಹೇಳುತ್ತಾ ಬಂದ. ನಾನು ಹೂಂಗುಟ್ಟುತ್ತಾ ತುಳಿಯುತ್ತಿದ್ದೆ. ರಾಕ್‌ವುಡ್ ದಾಟುವ ಹೊತ್ತಿಗೆ ಅವನ ವಾಕ್ಯಗಳು ಮೊಟಕಾಗತೊಡಗಿದ್ದು ಗಮನಕ್ಕೆ ಬಂತು. ಮೊದಲು ವಿಶೇಷಣಗಳು ಹೋದವು. ಆಮೇಲೆ ಚಿಕ್ಕಪ್ಪನವರಿಗೆ ಕೊಡುತ್ತಿದ್ದ ಬಹುವಚನ ಹೋಯಿತು. ಕೊನೆಗೆ "ಸ್ಟೇ ತಂದ" ಎಂಬಲ್ಲಿಗೆ ಕಥೆ ನಿಂತೇಹೋಯಿತು. ಆಗ ಕೈಯಲ್ಲಿದ್ದ ನಕ್ಷೆಯನ್ನು ನೋಡಿದರೆ, ಕಣ್ಣಿಗೆ ಚಪ್ಪಟೆಯಾಗಿ ಕಾಣುತ್ತಿದ್ದ ಆ ದಾರಿ ಬೆಳಗಿನಿಂದಲೂ ಏರುತ್ತಲೇ ಇತ್ತು. ನೂರು ಅಡಿಗೆ ಒಂದಡಿಯೂ ಪೂರ್ತಿಯಾಗದ ಈ ಏರನ್ನು ಕಣ್ಣು ಹಿಡಿಯಲಾರದು. ಅದು ಮೊದಲು ಗೊತ್ತಾಗುವುದು ಮಾತಿಗೆ, ಆಮೇಲೆ ಮೊಣಕಾಲಿಗೆ.

ಬೆಟ್ಟದ ಏರು ಇಷ್ಟು ಸೌಮ್ಯವಾಗಿರುವಾಗ ಊಟಕ್ಕೆ ಮಾತ್ರ ನಿಜವಾದ ಬೆಟ್ಟವನ್ನೇ ಹತ್ತಬೇಕಾಗಿ ಬರುವುದುಂಟು. ಹಳೆಯ ರೈಲುನಿಲ್ದಾಣಗಳು ಇರುವುದು ಕಣಿವೆಯ ಅಂಚಿನಲ್ಲಿ, ಕೆಲವು ಊರುಗಳಿರುವುದು ಮೇಲೆ. ಫ್ರಾಸ್ಟ್‌ಬರ್ಗಿನಲ್ಲಿ ನಿಲ್ದಾಣದಿಂದ ಊರಿನ ಮುಖ್ಯ ಬೀದಿಗೆ ಹೋಗುವ ಹಾದಿ ಸುತ್ತಿ ಸುತ್ತಿ ಏರುತ್ತದೆ, ಅಮ್ಮ ಹೇಳಿದ ನೂಕುವ ಕೆಲಸ ಅಲ್ಲಿ ಒದಗಿಬಂತು. ಹೊಟ್ಟೆಯ ಪಾಡಿಗಾಗಿ ಪಿಟ್ಸ್‌ಬರ್ಗಿನಿಂದ ಪುಳಿಯೋಗರೆಯನ್ನು ಕಟ್ಟಿಕೊಂಡು ಹೊರಟವರು, ಅದು ಖಾಲಿಯಾಗುವವರೆಗೂ ಊರುಗಳನ್ನು ಕೆಳಗಿನಿಂದಲೇ ನೋಡಿ ಮುಂದೆ ಹೋಗಬಹುದು. ಆದರೆ ಕಲ್ಲಿದ್ದಲೂ ರೈಲೂ ಬಿಟ್ಟುಹೋದ ಮೇಲೆ ಮಂಕಾಗಿದ್ದ ಈ ಊರುಗಳಲ್ಲಿ ಈಗ ಸೈಕಲ್ ರಿಪೇರಿಯ ಅಂಗಡಿ, ಕಾಫಿ ಅಂಗಡಿ, ರಾತ್ರಿ ಉಳಿಯುವ ಮನೆಗಳು ಎದ್ದಿರುವುದು ಹಸಿದು ಬರುವ ಸೈಕಲ್ಲಿನವರಿಂದ. ಪುಳಿಯೋಗರೆಯ ಗಂಟನ್ನು ಚಿಕ್ಕದಾಗಿ ಕಟ್ಟುವುದೇ ಧರ್ಮ.

ಮೇಯರ್ಸ್‌ಡೇಲ್ ಊರಿಗೆ ಮುನ್ನ ಸಾಲಿಸ್ಬರಿ ವಯಾಡಕ್ಟ್ ಎಂಬ ಸೇತುವೆಯೊಂದು ಕ್ಯಾಸಲ್‌ಮನ್ ನದಿಯ ಕಣಿವೆಯನ್ನು 1,908 ಅಡಿ ಉದ್ದಕ್ಕೆ ದಾಟುತ್ತದೆ. ಅದರ ನಡುವೆ ನಿಂತು ಬಗ್ಗಿ ನೋಡಿದರೆ ಕೆಳಗೆ ನದಿ, ಹೊಲ, ರೈಲು ಹಳಿ, ಅವುಗಳ ಜೊತೆಗೆ ಒಂದು ಹೆದ್ದಾರಿ. ಅದರಲ್ಲಿ ಕಾರುಗಳು ಒಂದರ ಹಿಂದೊಂದು ಓಡುತ್ತಿರುತ್ತವೆ. ಮೇಲೆ ನಿಂತ ನಮಗೆ ಅವುಗಳ ಬಗ್ಗೆ ಸ್ವಲ್ಪ ಕನಿಕರವೂ ಹೆಚ್ಚು ಜಂಬವೂ ಹುಟ್ಟಿದ್ದು ನಿಜ. ಆದರೆ ಈ ಜಂಬ ಬಹಳ ಹೊತ್ತು ನಿಲ್ಲುವಂಥದ್ದಲ್ಲ. ಈ ಕಾರಿಲ್ಲದ ದಾರಿಗೆ ಬರುವ ಎಷ್ಟೋ ಜನ ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡೇ ಬರುತ್ತಾರೆ, ನಮ್ಮ ಸೈಕಲ್ಲುಗಳೂ ಮನೆಗೆ ಮರಳಿದ್ದು ಹಾಗೆಯೇ.

ಅಲ್ಲಿಂದ ಮುಂದೆ 2,392 ಅಡಿ ಎತ್ತರದಲ್ಲಿ ದಾರಿಯ ನೆತ್ತಿ ಸಿಗುತ್ತದೆ. ಈ ಕಡೆ ಬಿದ್ದ ಮಳೆ ಓಹಾಯೋ, ಮಿಸಿಸಿಪ್ಪಿಗಳ ಮೂಲಕ ಮೆಕ್ಸಿಕೋ ಕೊಲ್ಲಿಯನ್ನೂ ಆ ಕಡೆ ಬಿದ್ದದ್ದು ಪೊಟೊಮ್ಯಾಕ್ ನದಿಯ ಮೂಲಕ ಅಟ್ಲಾಂಟಿಕ್ಕನ್ನೂ ಸೇರುತ್ತವೆ. ಒಂದು ದಿಣ್ಣೆಯ ನೀರು ಹೇಮಾವತಿಗೂ ಕುಮಾರಧಾರೆಗೂ ಹಂಚಿಹೋಗುವುದನ್ನು ಬಲ್ಲ ಸಕಲೇಶಪುರದ ಕಡೆಯವರಿಗೆ ಇದೇನೂ ಹೊಸದಲ್ಲ. ನೆತ್ತಿಯ ಆಚೆಗೆ ಬಿಗ್ ಸ್ಯಾವೇಜ್ ಸುರಂಗ, ಸುಮಾರು ಒಂದು ಕಿಲೋಮೀಟರ್ ಉದ್ದ. ನೀರು ಹೆಪ್ಪುಗಟ್ಟಿ ಗೋಡೆ ಬಿರಿಯಬಾರದೆಂದು ಚಳಿಗಾಲದಲ್ಲಿ ಅದಕ್ಕೆ ಬಾಗಿಲು ಹಾಕಿಬಿಡುತ್ತಾರೆ. ಬೇಸಿಗೆಯಲ್ಲಿಯೂ ಒಳಗೆ ಬೆವರು ತಣ್ಣಗಾಗಿ ಅಂಗಿ ಬೆನ್ನಿಗೆ ಅಂಟುತ್ತದೆ, ದೀಪಗಳ ಸಾಲಿನ ಅಡಿಯಲ್ಲಿ ನಮ್ಮದೇ ನೆರಳು ನಮ್ಮನ್ನು ಹಿಂದೆ ಹಾಕುತ್ತಾ ಹೋಗುತ್ತದೆ. ಹೊರಗೆ ಬಂದೊಡನೆ ಎದುರಿಗೆ ಮೇರಿಲ್ಯಾಂಡಿನ ಬೆಟ್ಟಗಳು ಒಂದರ ಹಿಂದೊಂದು. ಅಲ್ಲಿಂದ ಕಂಬರ್ಲ್ಯಾಂಡಿನವರೆಗೆ ಮೂವತ್ತೈದು ಕಿಲೋಮೀಟರ್ ಬರೀ ಇಳಿಜಾರು, ಪೆಡಲ್ ತುಳಿಯುವ ಅಗತ್ಯವೇ ಇಲ್ಲ. ನನ್ನ ಗೆಳೆಯನ ವ್ಯಾಜ್ಯ ಆ ಇಳಿಜಾರಿನಲ್ಲಿ ಮತ್ತೆ ಚೇತರಿಸಿಕೊಂಡು ಹೈಕೋರ್ಟಿನವರೆಗೂ ಹೋಯಿತು. ಚಿಕ್ಕಪ್ಪನವರ ಬಹುವಚನವೂ ವಾಪಸು ಬಂತು.

ಇನ್ನೂ ಮುಂದೆ ಹೋಗುವ ಹುಮ್ಮಸ್ಸಿರುವವರು ಕಂಬರ್ಲ್ಯಾಂಡಿನಿಂದ ಹಳೆಯ ಚೆಸಾಪೀಕ್–ಓಹಾಯೋ ಕಾಲುವೆಯ ದಂಡೆ ಹಿಡಿದು ವಾಷಿಂಗ್ಟನ್ ನಗರದವರೆಗೂ ಹೋಗಬಹುದು. ಅಂದು ದೋಣಿ ಎಳೆಯುವ ಹೇಸರಗತ್ತೆಗಳು ನಡೆದ ಹಾದಿ ಅದು, ಮಳೆ ಬಂದರೆ ಕೆಸರು. ಆ ಕಾಲುವೆಯ ಜಾಡಿನಲ್ಲಿ ಕಾರಿನ ರಸ್ತೆಯೊಂದನ್ನು ಮಾಡಬೇಕೆಂಬ ಯೋಜನೆ ಎದ್ದು, ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಅದನ್ನು ಬೆಂಬಲಿಸಿ ಸಂಪಾದಕೀಯ ಬರೆಯಿತು. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರು ಪತ್ರಿಕೆಗೆ ಕಾಗದ ಬರೆದು, ಬರೆದವರು ತನ್ನ ಜೊತೆ ಅಲ್ಲಿ ನಡೆದು ನೋಡಲಿ ಎಂದು ಆಹ್ವಾನವಿತ್ತರು. ಸಂಪಾದಕರು ಒಪ್ಪಿದರು. 1954ರ ಮಾರ್ಚ್ ತಿಂಗಳಲ್ಲಿ ದೊಡ್ಡ ಗುಂಪೊಂದು ನಡೆಯಿತು. ಪತ್ರಿಕೆ ತನ್ನ ನಿಲುವನ್ನು ಬದಲಿಸಿತು, ರಸ್ತೆ ಆಗಲಿಲ್ಲ, 1971ರಲ್ಲಿ ಕಾಲುವೆಯು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಆದರೆ ಆ ಗುಂಪಿನಲ್ಲಿ ದಾರಿಯನ್ನು ಪೂರ್ತಿಯಾಗಿ ನಡೆದು ಮುಗಿಸಿದವರು ನ್ಯಾಯಮೂರ್ತಿಗಳೂ ಸೇರಿ ಒಂಬತ್ತೇ ಜನ. ಸೈಕಲ್ ತರಲು ಹೇಳಿದ್ದರೆ ಇನ್ನೂ ನಾಲ್ಕಾರು ಮಂದಿ ಮುಗಿಸುತ್ತಿದ್ದರೋ ಏನೋ.