ಗಾಡಿ ಶೆಡ್ಡು ಸೇರುವವರೆಗೆ

ಬಾಡಿಗೆ ಕಾರಿನವರು ಫೋನಿನಲ್ಲಿ ಹೇಳುವ ದರವೇ ಬೇರೆ, ಬಿಲ್ಲಿನಲ್ಲಿ ಹಾಕುವ ದರವೇ ಬೇರೆ ಎಂದು ದೂರುವವರಿದ್ದಾರೆ. ಇದು ಅನ್ಯಾಯದ ಮಾತು. ದರದಲ್ಲಿ ಅವರು ಒಂದು ಪೈಸೆಯ ವ್ಯತ್ಯಾಸವನ್ನೂ ಮಾಡುವುದಿಲ್ಲ. ಕಿಲೋಮೀಟರಿಗೆ 18 ರೂಪಾಯಿ ಎಂದಿದ್ದರೆ ಬಿಲ್ಲಿನಲ್ಲೂ 18 ರೂಪಾಯಿಯೇ ಇರುತ್ತದೆ. ದಿನ ಎಂದರೆ ಎಷ್ಟು ಹೊತ್ತು, ರಾತ್ರಿ ಯಾವಾಗ ಶುರು, ಪ್ರಯಾಣ ಎಲ್ಲಿಗೆ ಮುಗಿಯಿತು ಎಂಬಂತಹ ಸಣ್ಣಪುಟ್ಟ ವಿಷಯಗಳನ್ನು ಮಾತ್ರ ಅವರು ತಮ್ಮದೇ ಪಂಚಾಂಗ ನೋಡಿ ತೀರ್ಮಾನಿಸುತ್ತಾರೆ.

ಆ ಪಂಚಾಂಗದಲ್ಲಿ ದಿನವೆಂದರೆ ಇಪ್ಪತ್ತನಾಲ್ಕು ಗಂಟೆಯಲ್ಲ. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಒಂದು ದಿನ. ಶುಕ್ರವಾರ ರಾತ್ರಿ ಹತ್ತಕ್ಕೆ ಬೆಂಗಳೂರು ಬಿಟ್ಟರೆ, ಗಾಡಿ ಕುಣಿಗಲ್ ದಾಟುವಷ್ಟರಲ್ಲಿ ಒಂದು ದಿನದ ಬಾಡಿಗೆ ತೀರಿರುತ್ತದೆ. ದಿನವೊಂದಕ್ಕೆ ಕನಿಷ್ಠ 300 ಕಿಲೋಮೀಟರ್, ಓಡಲಿ ಬಿಡಲಿ. ಚಾಲಕನಿಗೆ ದಿನದ ಬಾಟಾ ಒಂದು, ರಾತ್ರಿ ಹತ್ತರಿಂದ ಬೆಳಗಿನ ಆರರೊಳಗೆ ಚಕ್ರ ತಿರುಗಿದರೆ ಅದಕ್ಕೊಂದು ಭತ್ಯೆ. ನಮಗೆ ಸಿಕ್ಕ ಟ್ರಾವೆಲ್ಸ್‌ನ ಮಾಲೀಕರು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿ, “ಟೋಲು, ಪಾರ್ಕಿಂಗು ನಿಮ್ಮದು ಸರ್” ಎಂದು ಮಂಗಳ ಹಾಡಿದರು. ನಾನು ಹೂಂ ಎಂದೆ. ಫೋನಿನಲ್ಲಿ ಬೇರೇನು ಹೇಳಲು ಸಾಧ್ಯ?

ಆದರೆ ಈ ಸಲ ನಮ್ಮ ಜೊತೆ ಮಾವನವರಿದ್ದರು. ಅವರು ಖಜಾನೆ ಇಲಾಖೆಯಲ್ಲಿ ನಿವೃತ್ತರಾದವರು. ಖಜಾನೆಯವರ ಕೆಲಸ ಬಿಲ್ ಪಾಸು ಮಾಡುವುದು ಎಂದು ಹೊರಗಿನವರು ತಿಳಿದುಕೊಂಡಿದ್ದಾರೆ. ಪಾಸು ಮಾಡದೆ ಹಿಂದಿರುಗಿಸುವುದೇ ನಿಜವಾದ ಕೆಲಸ ಎಂಬುದು ಮಾವನವರ ಸೇವಾವಧಿಯ ಸಾರ. ಈಗಲೂ ಹಾಲಿನವನ ಚೀಟಿಗೆ ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆಯುತ್ತಾರೆ. ಹಾಲಿನವನು ಅದನ್ನು ಓದುವುದಿಲ್ಲ. ಅದು ಬೇರೆ ಮಾತು.

ಹೊರಟದ್ದು ಧರ್ಮಸ್ಥಳಕ್ಕೂ ಕುಕ್ಕೆಗೂ. ಶುಕ್ರವಾರ ರಾತ್ರಿ ಬಿಟ್ಟು ಭಾನುವಾರ ರಾತ್ರಿ ಮನೆಗೆ. ಟ್ರಾವೆಲ್ಸ್ ಲೆಕ್ಕದಲ್ಲಿ ಮೂರು ದಿನ, 900 ಕಿಲೋಮೀಟರ್. ಮಾವನವರು ಕ್ಯಾಲೆಂಡರಿನ ಹಿಂಬದಿಯಲ್ಲಿ ದೂರಗಳನ್ನು ಬರೆದು ಕೂಡಿದರು. ಮನೆಯಿಂದ ಮನೆಗೆ ಹೆಚ್ಚೆಂದರೆ 640.

“ಓಡದೇ ಇರುವ 260 ಕಿಲೋಮೀಟರಿಗೆ 4,680 ರೂಪಾಯಿ!” ಎಂದರು. ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಬಂದಿದ್ದರೂ ಅವರ ಧ್ವನಿ ಅಷ್ಟು ನಡುಗುತ್ತಿರಲಿಲ್ಲ.

ಸರ್ಕಾರಿ ನೌಕರಿಯಲ್ಲಿ ಇದ್ದವರಿಗೆ ಇಂಥ ರೋಗದ ಮದ್ದು ಗೊತ್ತಿರುತ್ತದೆ. ಮಾರ್ಚ್ ತಿಂಗಳಲ್ಲಿ ಅನುದಾನ ಉಳಿದರೆ ಏನು ಮಾಡುತ್ತಾರೋ ಮಾವನವರು ಅದನ್ನೇ ಮಾಡಿದರು: ಖರ್ಚು ಹಾಕಿದರು. ಉಡುಪಿ ಸೇರಿತು. ಉಡುಪಿಗೆ ಹೋಗುವ ದಾರಿಯಲ್ಲಿ ಕಾರ್ಕಳ ಸೇರಿತು. ಧರ್ಮಸ್ಥಳದಲ್ಲಿ 39 ಅಡಿಯ ಬಾಹುಬಲಿಯನ್ನು ಕತ್ತು ನೋಯುವಂತೆ ನೋಡಿ ಬಂದಿದ್ದ ನಮ್ಮನ್ನು, ಕಾರ್ಕಳದ ಬಂಡೆಯ ಮೆಟ್ಟಿಲು ಹತ್ತಿಸಿ 1432ರ ಗೊಮ್ಮಟನ ಮುಂದೆ ನಿಲ್ಲಿಸಿದರು. “ಇದು 42 ಅಡಿ” ಎಂದರು. ಮೂರು ಅಡಿ ಹೆಚ್ಚಿಗೆ ಸಿಕ್ಕಿತು ಎಂಬ ತೃಪ್ತಿ ಮುಖದಲ್ಲಿತ್ತು. ಅತ್ತೆಯವರು ಮೆಟ್ಟಿಲ ಬುಡದಲ್ಲೇ ಕುಳಿತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕೃಷ್ಣನ ದರ್ಶನವಾದ ಮೇಲೆ, ರಾತ್ರಿ ಊಟ ಮುಗಿದು ಎಲ್ಲರೂ ಹಾಸಿಗೆ ಹುಡುಕುವ ಹೊತ್ತಿನಲ್ಲಿ, ಮಲ್ಪೆಯ ಸಮುದ್ರವನ್ನೂ ತೋರಿಸಲಾಯಿತು. ಕತ್ತಲಲ್ಲಿ ಸಮುದ್ರ ಕಾಣಿಸಲಿಲ್ಲ, ಸದ್ದು ಕೇಳಿಸಿತು. ಮೀಟರಿನಲ್ಲಿ ಹನ್ನೆರಡು ಕಿಲೋಮೀಟರ್ ಏರಿತು.

ಚಾಲಕ ಸಾಧು ಮನುಷ್ಯ. ಘಟ್ಟದಲ್ಲಿ ಎಸಿ ಹಾಕಿದರೆ ಹೆಚ್ಚುವರಿ ದುಡ್ಡುಂಟೇ ಎಂದು ಕೇಳಿದರೂ, ಊಟಕ್ಕೆ ಕಾದದ್ದಕ್ಕೆ ಶುಲ್ಕವುಂಟೇ ಎಂದು ಕೇಳಿದರೂ ಒಂದೇ ಉತ್ತರ: “ಅದೆಲ್ಲ ಆಫೀಸಿನವರು ನೋಡಿಕೊಳ್ಳುತ್ತಾರೆ ಸರ್.” ಬಹಳ ಭಯಂಕರವಾದ ವಾಕ್ಯವನ್ನು ಇಷ್ಟು ಮೃದುವಾಗಿ ಹೇಳುವವರನ್ನು ನಾನು ನೋಡಿರಲಿಲ್ಲ.

ಭಾನುವಾರ ಉಡುಪಿಯಿಂದ ಮಂಗಳೂರಿನ ಮೇಲೆ ಕುಕ್ಕೆಗೆ ಬಂದು, ದರ್ಶನ ಮತ್ತು ಊಟ ಮುಗಿಸಿ ಹೊರಟಾಗ ಮಧ್ಯಾಹ್ನ ಮೂರೂವರೆ. ನಮ್ಮ ಅಕ್ಕನ ಮಗ ಬೆಳಗ್ಗೆ ಉಡುಪಿಯಲ್ಲಿ ತಿಂದ ಗೋಳಿಬಜೆಗಳು ಗುಂಡ್ಯದವರೆಗೆ ಸುಮ್ಮನಿದ್ದವು. ಶಿರಾಡಿಯ ತಿರುವುಗಳು ಶುರುವಾದ ಮೇಲೆ ಅವಕ್ಕೂ ಹೊರಗಿನ ಹಸಿರು ನೋಡುವ ಆಸೆಯಾಯಿತು. ಹುಡುಗ ಸಮಯಪ್ರಜ್ಞೆ ಉಳ್ಳವನು, ಕಿಟಕಿ ಇಳಿಸಿಯೇ ವಾಂತಿ ಮಾಡಿದ. ಚಾಲಕ ಗಾಡಿ ನಿಲ್ಲಿಸಿ, ಬಾಟಲಿಯ ನೀರಿನಿಂದ ಬಾಗಿಲು ತೊಳೆದು, ಏನೂ ಹೇಳದೆ ಮುಂದೆ ನಡೆದ. ಆ ಮೌನವನ್ನು ನಾವು ಔದಾರ್ಯ ಎಂದುಕೊಂಡೆವು.

ಹಾಸನ ದಾಟಿದ ಮೇಲೆ ಮಾವನವರ ಕಣ್ಣು ಗಡಿಯಾರದ ಮೇಲೆಯೇ. ಹನ್ನೆರಡು ಹೊಡೆದರೆ ಸೋಮವಾರ, ಸೋಮವಾರವೆಂದರೆ ನಾಲ್ಕನೆಯ ದಿನ. ಭಾನುವಾರ ರಾತ್ರಿ ನೆಲಮಂಗಲದ ಕಡೆಯಿಂದ ಬೆಂಗಳೂರಿಗೆ ನುಗ್ಗಿದವರಿಗೆ ಆ ಯಾತನೆಯನ್ನು ವಿವರಿಸಬೇಕಿಲ್ಲ. ಹಬ್ಬಕ್ಕೆ ಹೋದವರು, ಜಾತ್ರೆಗೆ ಹೋದವರು, ಮದುವೆ ಉಂಡು ಬಂದವರು ಎಲ್ಲರೂ ಒಂದೇ ಫ್ಲೈಓವರಿನ ಮೇಲೆ ಕೂಡಿರುತ್ತಾರೆ. ಅಂತೂ ಜಯನಗರದ ಮನೆ ಮುಂದೆ ಗಾಡಿ ನಿಂತಾಗ ಹನ್ನೊಂದು ಇಪ್ಪತ್ತು. ಮಾವನವರು ಬಗ್ಗಿ ಮೀಟರ್ ಓದಿದರು: ಓಡಿದ್ದು 862. “ಮೂವತ್ತೆಂಟು ವ್ಯರ್ಥವಾಯಿತು” ಎಂದು ನಿಟ್ಟುಸಿರು ಬಿಟ್ಟು ಮಲಗಿದರು.

ಬೆಳಗ್ಗೆ ಹತ್ತಕ್ಕೆ ಮಾಲೀಕರೇ ಬಿಲ್ ಹಿಡಿದು ಬಂದರು. ತೆಳುವಾದ ಗುಲಾಬಿ ಹಾಳೆ, ಕಾರ್ಬನ್ ಪ್ರತಿ. ಮೊದಲ ಸಾಲಿನಲ್ಲೇ ‘4 ದಿನ, 1200 ಕಿ.ಮೀ.’ ಎಂದು ಬರೆದಿತ್ತು. 21,600 ರೂಪಾಯಿ. ಅದರ ಕೆಳಗೆ ನಾಲ್ಕು ದಿನದ ಬಾಟಾ, ಎರಡು ರಾತ್ರಿಯ ಭತ್ಯೆ, ಟೋಲು, ‘ಇತರೆ 500’, ಎಲ್ಲದರ ತಲೆಯ ಮೇಲೆ ಶೇಕಡಾ 5 ಜಿಎಸ್‌ಟಿ.

ಮಾವನವರು ಕನ್ನಡಕ ಒರೆಸಿಕೊಂಡರು. ನಿವೃತ್ತಿಯಾದ ಮೇಲೆ ಅವರ ಮುಖದಲ್ಲಿ ಅಂಥ ಕಳೆಯನ್ನು ನಾವು ಕಂಡಿರಲಿಲ್ಲ.

ಮೊದಲು ಟೋಲಿನ ವಿಚಾರಣೆ ಆಯಿತು. ಹಿಂದೆ ಗೇಟಿನಲ್ಲಿ ದುಡ್ಡು ಕೊಟ್ಟು ಚೀಟಿ ಪಡೆಯುತ್ತಿದ್ದೆವು. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ, ಯಾರ ಖಾತೆಯಿಂದಲೋ ಎಷ್ಟೋ ಸದ್ದಿಲ್ಲದೆ ಹೋಗುತ್ತದೆ, ಅವರು ಹೇಳಿದಷ್ಟನ್ನು ನಾವು ಕೊಡುತ್ತೇವೆ. ಮಾವನವರು ಮಾಲೀಕರ ಮೊಬೈಲ್ ಇಸಿದುಕೊಂಡು ಸಂದೇಶಗಳನ್ನು ಒಂದೊಂದಾಗಿ ಕೂಡಿದರು. ಲೆಕ್ಕ ರೂಪಾಯಿಗೆ ರೂಪಾಯಿ ತಾಳೆಯಾಯಿತು. ಅವರಿಗೆ ಬಹಳ ಬೇಸರವಾಯಿತು.

ಅಷ್ಟರಲ್ಲಿ ಕ್ಯಾಲಿಫೋರ್ನಿಯಾದಿಂದ ಭಾವಮೈದುನನ ಫೋನು ಬಂತು. ವಿಷಯ ತಿಳಿದು ಅವನು ನಕ್ಕ. ಅವನೊಮ್ಮೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಗೋಲ್ಡನ್ ಗೇಟ್ ಸೇತುವೆ ದಾಟಿದ್ದನಂತೆ. ಅಲ್ಲಿ ಉತ್ತರಕ್ಕೆ ಹೋಗುವಾಗ ಸುಂಕವಿಲ್ಲ, ದಕ್ಷಿಣಕ್ಕೆ ಮರಳುವಾಗ ಮಾತ್ರ ಉಂಟು. 2013ರಿಂದ ಗೇಟಿನಲ್ಲಿ ದುಡ್ಡು ಈಸಿಕೊಳ್ಳುವವರೂ ಇಲ್ಲ, ಕ್ಯಾಮೆರಾ ನಂಬರ್ ಹಿಡಿದುಕೊಳ್ಳುತ್ತದೆ. ವಾರಗಳ ನಂತರ ಬಂದ ಬಿಲ್ಲಿನಲ್ಲಿ ಸೇತುವೆಯ ಸುಂಕವನ್ನು ನಿಮ್ಮ ಪರವಾಗಿ ಕಟ್ಟಿದ್ದೇವೆ ಎಂಬ ಉಪಕಾರಕ್ಕೆ ಸುಂಕಕ್ಕಿಂತ ಹೆಚ್ಚು ಶುಲ್ಕವಿತ್ತು. ವಿಮಾನ ನಿಲ್ದಾಣದಲ್ಲಿ ಕಾರು ಎತ್ತಿಕೊಂಡದ್ದಕ್ಕೆ ಇನ್ನೊಂದು. “ನಿಮ್ಮಲ್ಲಿ ಬಿಲ್ ತಂದುಕೊಡಲು ಮನುಷ್ಯರಾದರೂ ಬರುತ್ತಾರಲ್ಲ, ಜಗಳವಾಡಿ” ಎಂದು ಹರಸಿ ಫೋನ್ ಇಟ್ಟ.

ಮಾವನವರು ‘ಇತರೆ’ಗೆ ಬಂದರು. ಅದು ಗಾಡಿ ತೊಳೆದ ಬಾಬ್ತು, ವಾಂತಿಯ ಕಾರಣಕ್ಕೆ. “ವಾಂತಿ ಗಾಡಿಯ ಒಳಗೆ ಆಯಿತೋ ಹೊರಗೆ ಆಯಿತೋ?” ಎಂದು ಕೇಳಿದರು. ಹೊರಗೆ ಎಂದು ಹುಡುಗನೇ ಹಾಜರಾಗಿ ಸಾಕ್ಷಿ ನುಡಿದ. ಹೊರಗೆ ಆದದ್ದು ರಾಷ್ಟ್ರೀಯ ಹೆದ್ದಾರಿಯ ಮೇಲೆ ಆದದ್ದು, ಅದರ ಶುಲ್ಕವನ್ನು ಹೆದ್ದಾರಿಯವರು ಕೇಳಬೇಕು ಎಂದು ತೀರ್ಪಾಯಿತು. ಮಾಲೀಕರು 500 ಹೊಡೆದು 250 ಬರೆದರು.

“ಇನ್ನು ನಾಲ್ಕನೆಯ ದಿನ. ಹನ್ನೊಂದು ಇಪ್ಪತ್ತಕ್ಕೆ ನಾವು ಇಳಿದಿದ್ದೇವೆ.”

“ನೀವು ಇಳಿದಿರಿ ಸರ್. ಗಾಡಿ ಶೆಡ್ಡು ಸೇರುವವರೆಗೆ ಬಾಡಿಗೆ. ಶೆಡ್ಡಿನಿಂದ ಶೆಡ್ಡಿಗೆ ಲೆಕ್ಕ.”

ಆಫೀಸು ನಮ್ಮ ಪಕ್ಕದ ಬೀದಿಯಲ್ಲಿ. ಶೆಡ್ಡು ಹೊಸಕೋಟೆಯಲ್ಲಿ. ನಾವು ಪಶ್ಚಿಮಕ್ಕೆ ಯಾತ್ರೆ ಹೋದರೆ ಗಾಡಿ ಪೂರ್ವದಿಂದ ಹೊರಟು ಪೂರ್ವಕ್ಕೆ ಮರಳಿತ್ತು. ಹೋಗುವಾಗ 34, ಬರುವಾಗ 34, ಒಟ್ಟು 930. ಶೆಡ್ಡು ಸೇರಿದಾಗ ಹನ್ನೆರಡು ಗಂಟೆ ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ 300 ಕಿಲೋಮೀಟರ್ ಮತ್ತು ಒಂದು ಬಾಟಾ.

ನಾವೆಲ್ಲ ಮಾವನವರ ಮುಖ ನೋಡಿದೆವು. ಅವರು ಅತ್ಯಂತ ಸಮಾಧಾನದಿಂದ, “ಸರಿ, ಸೋಮವಾರದ ಬಾಡಿಗೆ ಕೊಡುತ್ತೇವೆ. ಇಂದು ರಾತ್ರಿ ಹನ್ನೆರಡರವರೆಗೆ ಗಾಡಿ ನಮ್ಮದು. ಇನ್ನೂ 270 ಕಿಲೋಮೀಟರ್ ಬಾಕಿ ಇದೆ. ಈಗಲೇ ಕಳುಹಿಸಿ, ನಂದಿ ಬೆಟ್ಟಕ್ಕೆ ಹೋಗಿ ಬರುತ್ತೇವೆ” ಎಂದರು. ಅತ್ತೆಯವರು ಒಳಗಿನಿಂದ ಮಂಡಿ ಹಿಡಿದುಕೊಂಡು ನರಳಿದರು.

“ಗಾಡಿ ಬೆಳಗಿನ ಜಾವವೇ ತಿರುಪತಿಗೆ ಹೋಯಿತಲ್ಲ ಸರ್” ಎಂದು ಮಾಲೀಕರು ಬಾಯಿ ತಪ್ಪಿ ಹೇಳಿಬಿಟ್ಟರು.

“ನಮ್ಮ ಗಾಡಿಯಲ್ಲಿ?” ಮಾವನವರು ಕೆಂಪು ಪೆನ್ನಿನ ಮುಚ್ಚಳ ತೆಗೆದರು. “ಅವರು ನಿಮಗೆ ಸೋಮವಾರದ ಬಾಡಿಗೆ ಎಷ್ಟು ಕೊಡುತ್ತಿದ್ದಾರೆ? ಅದು ನಮಗೆ ಬರಬೇಕಲ್ಲವೇ?”

ನಾಲ್ಕನೆಯ ದಿನ ಅಲ್ಲಿಗೆ ತೀರಿಕೊಂಡಿತು. ಹೆಚ್ಚುವರಿ 30 ಕಿಲೋಮೀಟರಿನ 540 ರೂಪಾಯಿ ಮಾತ್ರ ಉಳಿಯಿತು. ಮಲ್ಪೆಗೆ ಹೋಗದಿದ್ದರೆ ಅದರಲ್ಲಿ ಹನ್ನೆರಡು ಕಿಲೋಮೀಟರಿನದು ಉಳಿಯುತ್ತಿತ್ತು ಎಂದು ಅತ್ತೆಯವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾವನವರು ಬಿಲ್ಲಿನ ಮೇಲೆ ‘ಆಕ್ಷೇಪಣೆಗೆ ಒಳಪಟ್ಟು ಪಾಸು ಮಾಡಿದೆ’ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಕೊಟ್ಟರು.

ಮಾಲೀಕರು ಕಾಫಿ ಮುಗಿಸಿ ಬಾಗಿಲವರೆಗೆ ಹೋಗಿ ತಿರುಗಿ ನಿಂತರು. “ಸರ್, ನಮ್ಮಲ್ಲಿ ಲೆಕ್ಕ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದಾರೆ. ವಾರಕ್ಕೆರಡು ಸಲ ಹೊಸಕೋಟೆಗೆ ಬಂದು ಹೋದರೆ ಸಾಕು. ದಿನಕ್ಕಿಷ್ಟು ಎಂದು ಕೊಡುತ್ತೇವೆ.”

ಮಾವನವರು ಯೋಚಿಸಿದರು.

“ಮನೆಯಿಂದ ಮನೆಗೆ ಲೆಕ್ಕ ಹಿಡಿಯುತ್ತೀರೋ?” ಎಂದು ಕೇಳಿದರು.