ಲೈನಿನ್ಯಾಗ ಲಾಸ್ ಐತಿ

ಇವತ್ತು ಬೆಳಿಗ್ಗೆ ಏಳೂವರೆಗೆ ಕಾರು ಚಾಲೂ ಮಾಡಿದರೆ ಎದುರಿಗೆ ಹಳದಿ ದೀಪ. ಕುದುರೆ ಲಾಳದ ನಡುವೆ ಆಶ್ಚರ್ಯಸೂಚಕ ಚಿಹ್ನೆ. ಕಾರು ತಗೊಂಡು ಇನ್ನೂ 26 ದಿನ, ಇದಕ್ಕೆ ಅಷ್ಟರಲ್ಲೇ ಏನು ಆಶ್ಚರ್ಯ ಕಂಡಿತು ಅಂತ ಸ್ಕ್ರೀನ್ ನೋಡಿದೆ. ಮೂರು ಗಾಲಿ 225ರ ಆಸುಪಾಸು, ಎಡಗಡೆ ಹಿಂದಿನದು 168. ಗಾಳಿ ಇಳಿದದ್ದಕ್ಕೆ ನನಗೆ ಅಷ್ಟೇನೂ ಸಿಟ್ಟು ಬರಲಿಲ್ಲ. ಮಾವನವರು ಹೇಳಿದ್ದು ನಿಜವಾಯ್ತಲ್ಲ ಅಂತ ಬಂತು.

ಹಿಂದಿನ ಕಾರಿಗೆ ಈ ಭಾಗ್ಯ ಇರಲಿಲ್ಲ. ಗಾಳಿ ಕಡಿಮೆಯಾದರೆ ಬೈಕ್ ಮೇಲೆ ಬರುವ ಯಾರೋ ಪುಣ್ಯಾತ್ಮ ಪಕ್ಕಕ್ಕೆ ಬಂದು "ಗಾಲಿ ಕುಂತೈತ್ರೀ" ಅಂತ ಕೂಗಿ ಹೋಗುತ್ತಿದ್ದ. ವಿಜಯಪುರದಲ್ಲಿ ಈ ಸೇವೆ ಪುಕ್ಕಟೆ. ಹೊಸ ಕಾರಿನಲ್ಲಿ ಪ್ರತಿ ಗಾಲಿಯೊಳಗೂ ವಾಲ್ವಿನ ಬುಡಕ್ಕೆ ಒಂದು ಸೆನ್ಸಾರ್ ಕೂತಿದೆ. ತನ್ನದೇ ಪುಟ್ಟ ಬ್ಯಾಟರಿ ಇಟ್ಟುಕೊಂಡು, ಒಳಗಿನ ಒತ್ತಡ ಅಳೆದು ರೇಡಿಯೋ ಸಿಗ್ನಲ್‌ನಲ್ಲಿ ಸ್ಕ್ರೀನಿಗೆ ವರದಿ ಕಳಿಸುತ್ತದೆ. ಮೊದಲ ವಾರ ನಾನೂ ಸಿಗ್ನಲ್ಲಿಗೊಮ್ಮೆ ಸ್ಪೀಡ್‌ಬ್ರೇಕರಿಗೊಮ್ಮೆ ಅದನ್ನೇ ನೋಡುತ್ತಿದ್ದೆ. ಮನೆಗೆ ಹೊಸ ಬಿಪಿ ಮಷಿನ್ ಬಂದ ಹಾಗೆ. ಮಷಿನ್ ಬರುವ ತನಕ ಮನೆಯಲ್ಲಿ ಎಲ್ಲರ ಬಿಪಿಯೂ ಸರಿಯಾಗೇ ಇರುತ್ತೆ, ಅಲ್ವಾ?

ಆದರೆ ನನ್ನದು ಏನೂ ಅಲ್ಲ. ಮಾವನವರ ಕಥೆ ಕೇಳಿ.

ಅವರು ಕರೆಂಟ್ ಮೀಟರ್ ರೀಡರ್ ಆಗಿ ನಿವೃತ್ತರಾದವರು. ಮೂವತ್ತು ವರ್ಷ ಮಂದಿ ಮನೆ ಗೋಡೆ ನೋಡಿ ನಂಬರ್ ಬರೆದುಕೊಂಡ ಜೀವ. ಹೋದ ಭಾನುವಾರ ಬಾಗಲಕೋಟೆಗೆ ಒಂದು ಸೀಮಂತಕ್ಕೆ ಹೊರಟೆವು. ಮುಂದಿನ ಸೀಟಿನಲ್ಲಿ ಕೂತವರೇ ಕನ್ನಡಕ ಏರಿಸಿ ಸ್ಕ್ರೀನ್ ನೋಡಿದರು. ಕಂಪನಿಯವರು ಗಾಳಿಯ ಒತ್ತಡವನ್ನು ಕೆಪಿಎ, ಅಂದರೆ ಕಿಲೋಪಾಸ್ಕಲ್ ಲೆಕ್ಕದಲ್ಲಿ ಇಟ್ಟಿದ್ದರು. ಬಾಗಿಲ ಕಂಬದ ಸ್ಟಿಕರ್ ಹೇಳುವುದು 230, ಬಂಕಿನ ಹುಡುಗರ ಭಾಷೆಯಲ್ಲಿ ಸುಮಾರು 33 ಪಿಎಸ್‌ಐ. ಮನೆ ಕರೆಂಟೂ 230 ವೋಲ್ಟೇ ತಾನೆ, ಮಾವನವರ ಮುಖ ಅರಳಿತು. "230? ಸಿಂಗಲ್ ಫೇಜ್!"

ಅಲ್ಲಿಂದ ಶುರು. "ಮುಂದಿನ ಎರಡೂ 230. ಬಲಕ್ಕ ಹಿಂದ 229. ಎಡಕ್ಕ ಹಿಂದ 222, ಲೋ ವೋಲ್ಟೇಜ್." ಊರು ದಾಟುವುದರೊಳಗೆ ಮೂರು ರೀಡಿಂಗ್ ಆಯಿತು. ನಾನು ಹಾಡು ಹಾಕಿದೆ, ಅವರು ಸ್ಕ್ರೀನ್ ಕಾಣವಲ್ದು ಅಂತ ತೆಗೆಸಿದರು. ಬಿಸಿಲು ಏರಿತು, ರಸ್ತೆ ಕಾಯಿತು, ನಂಬರ್ ಮೇಲೆ ಹೋಗತೊಡಗಿತು. 238. 244. ಕೊಲ್ಹಾರ ಹತ್ತಿರ ಬಂದಾಗ 251. "ಹೈ ವೋಲ್ಟೇಜ್! ಗಾಡಿ ನಿಲ್ಲಸ್ರಿ, ಫ್ಯೂಸ್ ಹೋಗ್ತದ!"

ನಿಲ್ಲಿಸಿದೆ. ಓಡುವಾಗ ಟೈರ್ ಮಡಚಿ ಮಡಚಿ ಬಿಸಿಯಾಗುತ್ತೆ, ಒಳಗಿನ ಗಾಳಿಯೂ ಕಾಯುತ್ತೆ, ಐದಾರು ಡಿಗ್ರಿ ಏರಿದರೆ ಒಂದು ಪಿಎಸ್‌ಐ, ಅಂದರೆ ನಿಮ್ಮ ಲೆಕ್ಕದಲ್ಲಿ ಏಳು ವೋಲ್ಟ್, ಏರುತ್ತೆ ಅಂತ ರಸ್ತೆ ಬದಿ ನಿಂತು ಪಾಠ ಮಾಡಿದೆ. ಬಿಸಿ ಇದ್ದಾಗ ಗಾಳಿ ಬಿಟ್ಟರೆ ನಾಳೆ ಮುಂಜಾನೆ ತಣ್ಣಗಾದಾಗ ಕಡಿಮೆ ಬೀಳುತ್ತೆ, ಸ್ಟಿಕರ್ ಮೇಲಿನ ಲೆಕ್ಕ ತಣ್ಣಗಿರುವ ಟೈರಿನದು ಅಂತಲೂ ಹೇಳಿದೆ. ಅವರು ಪೂರ್ತಿ ಕೇಳಿ, "ಅದೆಲ್ಲ ಖರೆ. ಆದ್ರ ಎಡಕ್ಕ ಹಿಂದಿಂದು ಅವರಷ್ಟ ಯಾಕ ಏರವಲ್ದು? ಅದರಾಗ ಲೈನ್ ಲಾಸ್ ಐತಿ" ಅಂದರು, ತಂತಿಯಲ್ಲಿ ಕರೆಂಟ್ ಪೋಲಾಗುವ ಹಾಗೆ. ಐದಾರು ಹೆಚ್ಚುಕಡಿಮೆ ಏನೂ ಅಲ್ಲ ಅಂತ ನಾನು ತಳ್ಳಿಹಾಕಿದೆ. ಪೂಜೆ ದಿನ ಆ ಗಾಲಿ ಕೆಳಗಿನ ನಿಂಬೆಹಣ್ಣು ಸರಿಯಾಗಿ ಒಡೆದಿರಲಿಲ್ಲ ಅಂತ ಹಿಂದಿನಿಂದ ಹೆಂಡತಿಯ ವರದಿ. ಗಾಡಿ ನಿಂತದ್ದಕ್ಕೆ ಆದ ಲಾಭ ಅಂದರೆ ಮಡಕೆಯಲ್ಲಿ ಕೊಲ್ಹಾರದ ಗಟ್ಟಿ ಮೊಸರು ಸಿಕ್ಕಿದ್ದು. ಕೃಷ್ಣಾ ಸೇತುವೆ ಮೇಲೆ ನೀರು ನೋಡ್ರಿ ಅಂದೆ. ಅವರು ನೀರಿನ ಕಡೆ ತಿರುಗಲೂ ಇಲ್ಲ. ವಾಪಸ್ ಬಂದ ಮೇಲೆ ಸ್ಕ್ರೀನನ್ನು ಪಿಎಸ್‌ಐಗೆ ಬದಲಿಸಿದೆ. 33 ನೋಡಿ ಅವರಿಗೆ ಪವರ್‌ಕಟ್ ಆದಷ್ಟು ದುಃಖವಾಯಿತು. ತಿರುಗಿ 230ಕ್ಕೆ ಇಟ್ಟೆ.

ಇವತ್ತು ಪಂಕ್ಚರ್ ಅಂಗಡಿಯವನು ಗಾಲಿ ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ. ಗುಳುಗುಳು ಗುಳ್ಳೆ. ಒಂದು ಇಂಚಿನ ಮೊಳೆ. "ಭಾಳ ದಿನದ್ದು ಇದ್ದಂಗೈತ್ರೀ, ಸ್ವಲ್ಪ ಸ್ವಲ್ಪ ಹೊಂಟಿತ್ತು" ಅಂದ. ನಾನು ಮಾತಾಡಲಿಲ್ಲ.

ಆ ಗುಳ್ಳೆ ನೋಡುತ್ತ ಅಪ್ಪನ ಸೈಕಲ್ ನೆನಪಾಯಿತು. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಗೆ ಹೊರಡುವ ಮುಂಚೆ ಹಿಂದಿನ ಗಾಲಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಅವರ ಹತ್ತಿರ ಇದ್ದದ್ದು ಎರಡೇ ರೀಡಿಂಗ್. "ನಡೀತದ", "ನಡ್ಯಾಂಗಿಲ್ಲ". ನಡ್ಯಾಂಗಿಲ್ಲ ಅಂದರೆ ನಾನು ಕ್ಯಾರಿಯರಿನಿಂದ ಇಳಿದು ಪಂಪು ಹೊಡೆಯಬೇಕಿತ್ತು. ಹೊಸ ಕಾರು ನೋಡಿದ್ದರೆ ಇದನ್ನೂ ಒತ್ತಿ ನೋಡುತ್ತಿದ್ದರು. ಕಾರಿನ ಟೈರ್ ಒತ್ತಿದರೆ ಏನೂ ತಿಳಿಯಲ್ಲ ಅಂತ ನಾನು ಹೇಳುತ್ತಿರಲಿಲ್ಲ, ಬಿಡಿ.

ಸಂಜೆ ಮಾವನವರ ಫೋನ್. ಹೆಂಡತಿ ಆಗಲೇ ಸುದ್ದಿ ಮುಟ್ಟಿಸಿದ್ದಳು.

"ಲಾಸ್ ಸಿಕ್ಕಿತಂತ?"

"ಸಿಕ್ಕಿತ್ರಿ. ಈಗ ನಾಕೂ 230."

"ಸ್ಟೆಪ್ನಿ ಎಷ್ಟ?"

"ಸ್ಟೆಪ್ನಿಗೆ ಸೆನ್ಸಾರ್ ಇರಲ್ರಿ ಮಾವ."

ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಫೋನ್ ಕಟ್ಟಾಯಿತೇನೋ ಅಂದುಕೊಂಡೆ.

"ಮೀಟರ್ ಇಲ್ಲದ ಕನೆಕ್ಷನ್ ಹ್ಯಾಂಗ ಕೊಟ್ರು?"

ನಾಳೆ ಮುಂಜಾನೆ ಏಳಕ್ಕೆ ಬರುತ್ತಾರಂತೆ. ಡಿಕ್ಕಿ ಖಾಲಿ ಮಾಡಿ ಇಡಬೇಕಂತೆ.