ಅಜ್ಜನ ಕ್ಷೌರದ ಕತ್ತಿಯನ್ನು ಸಾಣೆ ಚಕ್ರಕ್ಕೆ ಕೊಡಬೇಡಿ

ಬೆಳಿಗ್ಗೆಯಿಂದ ಮನಸ್ಸು ಕೆಟ್ಟುಹೋಗಿದೆ. ನಮ್ಮ ಬೀದಿಯ ಹುಡುಗನೊಬ್ಬ ಅವನ ಅಜ್ಜನ ಕ್ಷೌರದ ಕತ್ತಿಯನ್ನು ಹಳೇ ಪಂಚೆ ಚೂರಿನಲ್ಲಿ ಸುತ್ತಿಕೊಂಡು ಬಂದಿದ್ದ. ಅಟ್ಟ ಗುಡಿಸುವಾಗ ಸಿಕ್ಕಿತಂತೆ. "ಅಣ್ಣಾ, ಸಂತೆಯಲ್ಲಿ ಸಾಣೆ ಹಿಡಿಸಿದೆ, ಆದ್ರೂ ಕೂದಲು ಜಗ್ಗುತ್ತೆ, ಸ್ವಲ್ಪ ನೋಡಿ" ಅಂದ. ಬಿಚ್ಚಿ ನೋಡಿದೆ. ಕತ್ತಿ-ಚಾಕುಗಳಿಗೆ ಹೆಸರಾದ ಜರ್ಮನಿಯ ಜೋಲಿಂಗನ್ ಊರಿನ ಮುದ್ರೆ ಇರುವ ಕತ್ತಿ. ಬಾಯಿಯ ಉದ್ದಕ್ಕೂ ನೀಲಿ ಬಣ್ಣ ತಿರುಗಿತ್ತು.

ಉಕ್ಕು ನೀಲಿ ತಿರುಗಿತು ಅಂದರೆ ಸುಮಾರು 300 ಡಿಗ್ರಿ ಕಾದಿದೆ ಅಂತ ಅರ್ಥ. ಕಮ್ಮಾರ ಕೊಟ್ಟ ಹದ, ಅಂದರೆ ಉಕ್ಕಿನ ಗಟ್ಟಿತನ, ಇಳಿದುಹೋಯಿತು. ಇನ್ನು ಎಷ್ಟು ಮಸೆದರೂ ಆ ಜಾಗದಲ್ಲಿ ಹರಿತ ನಿಲ್ಲುವುದಿಲ್ಲ. ಸಾಣೆಯವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಚಕ್ರ ಮಚ್ಚಿಗೆ, ಕುಡುಗೋಲಿಗೆ, ಈಳಿಗೆ ಮಣೆಗೆ ಸರಿ. ಕ್ಷೌರದ ಕತ್ತಿಯ ಎರಡೂ ಕಡೆ ಒಳಗೆ ಬಾಗಿಸಿ ತೆಗೆದಿರುತ್ತಾರೆ, ಬಾಯಿಯ ಹತ್ತಿರ ಕಾಗದದಷ್ಟು ತೆಳು. ಚಕ್ರ ತಾಗಿದ ಕೂಡಲೇ ಕಾದುಬಿಡುತ್ತದೆ. "ಹರಿತ ಮಾಡೋದು ತಾನೇ, ಎಲ್ಲಾ ಒಂದೇ" ಅನ್ನುತ್ತೀರಲ್ಲ, ಆ ಮಾತಿನ ಮೇಲೆ ನನ್ನ ಸಿಟ್ಟು.

ಎಲ್ಲಾ ಒಂದೇ ಅಲ್ಲ. ಈ ಕತ್ತಿಯ ದಪ್ಪ ಬೆನ್ನು ಸುಮ್ನೆ ಇಟ್ಟದ್ದಲ್ಲ. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗುವ ಹಾಗೆ ಮಲಗಿಸಿದರೆ ಕೋನ ತಾನಾಗಿಯೇ ಸಿಗುತ್ತದೆ. ಬಾಯಿ ಮುಂದಾಗಿ ತಳ್ಳಬೇಕು, ಕಲ್ಲಿನ ತುದಿಯಲ್ಲಿ ಬೆನ್ನಿನ ಮೇಲೆ ಮಗುಚಬೇಕು, ಹಾಗೇ ವಾಪಸ್ ತರಬೇಕು. ಮೊದಲು 1000 ನಂಬರಿನ ಕಲ್ಲು, ಆಮೇಲೆ 4000, 8000, ಬೇಕಾದರೆ 12000; ನಂಬರ್ ಹೆಚ್ಚಿದಷ್ಟೂ ಕಲ್ಲು ನುಣುಪು. ಎಲ್ಲಕ್ಕಿಂತ ಮುಖ್ಯ ಆ ಮೊದಲನೇ ಕಲ್ಲು. ಅಲ್ಲಿ ಎರಡು ಬದಿಯೂ ಪೂರ್ತಿ ಕೂಡದಿದ್ದರೆ ಮುಂದಿನ ಕಲ್ಲುಗಳದ್ದೆಲ್ಲ ದಂಡದ ಕೆಲಸ. ಬಾಯಿಗೆ ಕಪ್ಪು ಮಾರ್ಕರ್ ಬಳಿದು ಎರಡು ಸಲ ಎಳೆದು ನೋಡಿ, ಮಸಿ ಉಳಿದ ಕಡೆ ಕಲ್ಲು ತಾಗಿಲ್ಲ.

ಕೊನೆಯ ಕಲ್ಲಿನಲ್ಲಿ ಕತ್ತಿಯ ತೂಕ ಬಿಟ್ಟು ಬೇರೆ ಭಾರ ಹಾಕಬಾರದು. ಆಗ ಕಲ್ಲಿನ ಮೇಲೆ ಹಾಕಿದ ನೀರನ್ನು ನೋಡುತ್ತಿರಬೇಕು. ಬಾಯಿ ಮೊಂಡಾಗಿದ್ದರೆ ನೀರನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಹರಿತ ಬರುತ್ತಾ ಬರುತ್ತಾ ಅದೇ ನೀರು ಅಲಗಿನ ಮೇಲೆ ತೆಳ್ಳಗೆ ಹತ್ತಿ ಬರುತ್ತದೆ, ಕತ್ತಿ ನೀರಿನ ಕೆಳಗೆ ನುಸುಳಿದ ಹಾಗೆ. ಅದನ್ನು ಮೊದಲ ಸಲ ಕಂಡ ದಿನ ನಾನು ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದ್ದೆ.

ಇದನ್ನೆಲ್ಲ ಹುಟ್ಟಿನಿಂದ ಕಲಿತವನಲ್ಲ ನಾನು. ಅಪ್ಪ ತೀರಿಕೊಂಡ ವರ್ಷ ಅವರ ಕತ್ತಿ ಕೈಗೆ ಬಂತು. ಬೇಗ ಆಗಲಿ ಅಂತ 1000ದ ಕಲ್ಲಿನ ಮೇಲೆ ಒತ್ತಿ ಒತ್ತಿ ತೇಯ್ದೆ. ಬೆನ್ನು ಒಂದು ಕಡೆ ಜಾಸ್ತಿ ಸವೆದುಹೋಯಿತು. ಈಗಲೂ ಬೆಳಕಿಗೆ ಹಿಡಿದರೆ ಆ ಚಪ್ಪಟೆ ಜಾಗ ಕಾಣುತ್ತದೆ, ಕಂಡಾಗಲೆಲ್ಲ ಅಪ್ಪನ ಮುಂದೆ ತಲೆ ತಗ್ಗಿಸಿ ನಿಂತ ಹಾಗಾಗುತ್ತದೆ. ಹಾಗಾಗಿಯೇ ಇಷ್ಟು ಹೇಳುತ್ತಿರುವುದು.

ಬ್ಲೇಡ್ ಅಷ್ಟು ಅಗ್ಗಕ್ಕೆ ಸಿಗುವಾಗ ಯಾಕಿಷ್ಟು ಗೋಳು ಅಂತ ಕೇಳುವವರಿದ್ದಾರೆ. ಕಟಿಂಗ್ ಶಾಪಿನಲ್ಲಿ ಒಬ್ಬೊಬ್ಬರಿಗೂ ಹೊಸ ಬ್ಲೇಡ್ ಹಾಕಲೇಬೇಕು, ರಕ್ತದಿಂದ ಹರಡುವ ಕಾಯಿಲೆಗಳ ವಿಷಯ ಅದು, ಒಪ್ಪುತ್ತೇನೆ. ಆದರೆ ಮನೆಯಲ್ಲಿ ನನ್ನ ಕತ್ತಿ, ನನ್ನ ಕೆನ್ನೆ. ಬ್ಲೇಡ್ ಎಸೆಯುತ್ತೀರಿ, ಅಜ್ಜನ ಕತ್ತಿಯನ್ನು ಎಸೆಯುತ್ತೀರಾ? ಒಂದು ಸಲ ಸರಿಯಾಗಿ ಮಸೆದರೆ, ದಿನಾ ಕ್ಷೌರಕ್ಕೆ ಮೊದಲು ಚರ್ಮದ ಪಟ್ಟಿಯ ಮೇಲೆ ಐವತ್ತು ಸಲ ಎಳೆದರೆ, ತಿಂಗಳುಗಟ್ಟಲೆ ಕಲ್ಲು ಮುಟ್ಟಬೇಕಿಲ್ಲ. ಪಟ್ಟಿಯ ಮೇಲೆ ಮಾತ್ರ ಬೆನ್ನು ಮುಂದಿರಬೇಕು, ಇಲ್ಲದಿದ್ದರೆ ಪಟ್ಟಿಯೇ ಕತ್ತರಿಸಿಹೋಗುತ್ತದೆ. ನಮ್ಮ ಚಿಕ್ಕಮಗಳೂರಿನ ಮಳೆಗಾಲದಲ್ಲಿ ಇನ್ನೊಂದು ಕೆಲಸ ಇದೆ. ಒರೆಸಿ, ಒಣಗಿಸಿ, ಒಂದು ಹನಿ ಎಣ್ಣೆ ಸವರಿ ಇಡಬೇಕು. ಒಂದೇ ರಾತ್ರಿಗೆ ತುಕ್ಕಿನ ಚುಕ್ಕೆ ಬಂದದ್ದನ್ನು ನೋಡಿದ್ದೇನೆ.

ಹುಡುಗನಿಗೆ ನಿಜ ಹೇಳಿದೆ. ನೀಲಿ ಬಾಯಿಯ ಅಂಚಿನಲ್ಲಷ್ಟೇ ಇದ್ದಿದ್ದರೆ ಅಷ್ಟನ್ನು ತೇಯ್ದು ಒಳಗಿನ ಗಟ್ಟಿ ಉಕ್ಕು ತಲುಪಬಹುದಿತ್ತು. ಅರ್ಧ ಅಲಗಿನವರೆಗೂ ಹತ್ತಿದೆ. ಏನೂ ಮಾತಾಡದೆ ಮತ್ತೆ ಅದೇ ಬಟ್ಟೆಯಲ್ಲಿ ಸುತ್ತಿಕೊಂಡ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ನಿಮ್ಮ ಅಟ್ಟದಲ್ಲೂ ಒಂದು ಇರಬಹುದು, ಅಲ್ವಾ? ಹುಡುಕಿ. ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ಮೊಂಡಾಗಿದ್ದರೂ ಪರವಾಗಿಲ್ಲ. ಚಕ್ರದ ಹತ್ತಿರ ಒಯ್ಯಬೇಡಿ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ, ತಗೊಂಡು ಬನ್ನಿ. ಕಲ್ಲು ನನ್ನ ಹತ್ತಿರ ಇದೆ.